ಮಹಡಿ ಹತ್ತಿದ ಬೀಗ

ದಿಂಬು ಇನ್ನೂ ಬೆಚ್ಚಗಿತ್ತು.

ಪರದೆ ಅಕ್ಕ ಅದರ ಮೇಲೆ ಅಂಗೈ ಇಟ್ಟು ನೋಡಿದಳು. ಮಧ್ಯಾಹ್ನದ ಬಿಸಿಲು ಹಳದಿ ಪರದೆಯಲ್ಲಿ ಸೋಸಿ ಬಂದು ಕೋಣೆಯನ್ನೆಲ್ಲ ಜೇನಿನ ಬಣ್ಣಕ್ಕೆ ತಿರುಗಿಸಿತ್ತು. ಮಂಚ, ಕನ್ನಡಿ, ಮೇಜಿನ ಮೇಲಿನ ನೀರಿನ ಲೋಟ ಎಲ್ಲವೂ ಈಗಷ್ಟೇ ಕಣ್ಣು ಬಿಡುತ್ತಿರುವಂತೆ ಕಾಣುತ್ತಿದ್ದವು. ದಿಂಬಿನ ನಡುವೆ ಯಾರದೋ ತಲೆಯ ಗುಳಿ ಹಾಗೇ ಉಳಿದಿತ್ತು.

"ನೋಡಿದ್ರಲ್ಲ?" ಅಂದಳು ನರ್ಸ್. ಅಕ್ಕನ ಕಟ್ಟಡದ ಮೇಲಿನ ಮನೆಗೆ ಬಾಡಿಗೆಗೆ ಬಂದವಳು ಅವಳೇ. "ಬೆಳಿಗ್ಗೆ ಆಸ್ಪತ್ರೆಗೆ ಹೋಗೋವಾಗ ಹಾಸಿಗೆ ಸರಿ ಮಾಡಿ ಹೋಗಿದ್ದೆ. ಊಟಕ್ಕೆ ಅಂತ ಬಂದ್ರೆ ಹೀಗೆ. ಇದೇನು ಮೊದಲನೇ ಸಲ ಅಲ್ಲ."

"ಏನಾದ್ರೂ ಹೋಗಿದ್ಯಾ?"

"ಒಂದು ಪಿನ್ನೂ ಹೋಗಿಲ್ಲ. ಅದೇ ನನಗೆ ಹೆದರಿಕೆ. ಕಳ್ಳನಾದ್ರೆ ಕದ್ದು ಹೋಗ್ತಾನೆ. ಇದು ಬಂದು ಮಲಗಿ ಎದ್ದು ಹೋಗುತ್ತೆ."

"ಹೊಸ ಬೀಗ ಹಾಕಿಸ್ತೀನಿ. ನನ್ನ ಖರ್ಚು. ಇವತ್ತೇ."

"ಬೀಗ ಬೇಡ." ನರ್ಸ್ ಥಟ್ಟನೆ ಅಂದಳು. "ಬೀಗ ಹೊಸದಾದ್ರೇನು, ಇನ್ನೊಂದು ಕೀಲಿ ನಿಮ್ಮ ತಮ್ಮನ ಜೇಬಲ್ಲೇ ತಾನೇ ಇರೋದು? ನಾನು ಹೇಳೋದು ಇಷ್ಟೇ. ನಿಮ್ಮ ತಮ್ಮ ಇನ್ನೊಂದು ಸಲ ಈ ಮೆಟ್ಟಿಲು ಹತ್ತಿದ್ರೆ, ನಾನು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತೀನಿ."

ಅಕ್ಕ ದಿಂಬಿನಿಂದ ಕೈ ತೆಗೆದಳು.

ಅವಳ ತಮ್ಮನಿಗೆ ಆ ಸ್ಟೇಷನ್ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಅವನ ಹೆಂಡತಿ ಇದೇ ಕಟ್ಟಡದ ಕೆಳಮನೆಯಿಂದ ಒಂದು ಬೆಳಿಗ್ಗೆ ಹೊರಗೆ ಹೋದವಳು ಹೋದಳು, ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಅವನನ್ನು ಕೂರಿಸಿಕೊಂಡು ಕೇಳಿದ್ದೇ ಕೇಳಿದರು, ಬಿಟ್ಟರು, ಮತ್ತೆ ಕರೆದರು. ಬೀದಿಯ ಜನರ ಬಾಯಿಗೆ ಅಷ್ಟೇ ಸಾಕಾಯಿತು. ಈಗ ಯಾವುದೋ ಹೆಣ್ಣುಮಗಳ ಮನೆಗೆ ನುಗ್ಗಿದ ಅಂತ ಒಂದು ದೂರು ಬಿದ್ದರೆ ಮುಗಿಯಿತು, ಹಳೆಯದೂ ಹೊಸದೂ ಸೇರಿ ಅವನ ಕುತ್ತಿಗೆಗೆ ಬರುತ್ತದೆ. ಅವನನ್ನೇ ನಂಬಿಕೊಂಡ ಮಗಳೊಬ್ಬಳಿದ್ದಾಳೆ, ಸ್ಕೂಲಿಗೆ ಹೋಗುವವಳು. ಆ ಮಗುವನ್ನು ಯಾರು ನೋಡುತ್ತಾರೆ?

"ಅವನು ಅಂಥವನಲ್ಲಮ್ಮಾ," ಅಂದಳು ಅಕ್ಕ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಹೋದದ್ದು ಅಲ್ಲೇ ನಾಟಿಕೊಂಡಿತು.

ಗೇಟಿನ ಕಡೆಗೆ ತೆರೆಯುವ ಕಿಟಕಿ ಅದು. ಪರದೆಯನ್ನು ಗೇಣಗಲ ಸರಿಸಿ, ಅದರದೇ ಅಂಚನ್ನು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ನಿಲ್ಲಿಸಿದ್ದರು. ಕೊಕ್ಕೆಯಿಲ್ಲ, ದಾರವಿಲ್ಲ.

ಆ ಸುತ್ತು ಅಕ್ಕನ ಪರದೆ ಅಂಗಡಿಯಲ್ಲಿ ಹುಟ್ಟಿದ್ದು. ಅಂಗಡಿ ಹೊಸದಾಗಿ ತೆರೆದಾಗ ಕೊಕ್ಕೆ ಕೊಳ್ಳಲು ಕಾಸಿಲ್ಲದೆ ಅವಳೇ ಕಂಡುಹಿಡಿದದ್ದು. ಗಿರಾಕಿಗಳು ಎಷ್ಟು ಸಲ ತೋರಿಸಿದರೂ ಕಲಿಯುತ್ತಿರಲಿಲ್ಲ, ಬಿಟ್ಟರೆ ಬಿಚ್ಚಿಹೋಗುತ್ತಿತ್ತು. ಕೈ ಕುದುರಿದ್ದು ಅಂಗಡಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ. ಅಕ್ಕ, ತಮ್ಮ, ತಮ್ಮನ ಹೆಂಡತಿ. ಆ ಹುಡುಗಿಯ ಕತ್ತರಿ ಇವತ್ತಿಗೂ ಅಂಗಡಿಯ ಮೊಳೆಗೆ ನೇತಾಡುತ್ತಿದೆ, ಬೇರೆ ಯಾರ ಕೈಗೂ ಅದು ಹೊಂದುವುದಿಲ್ಲ.

ಅವಳಿಲ್ಲ. ಇನ್ನು ಉಳಿದವರು ಯಾರು? ಅಕ್ಕನಿಗೆ ಲೆಕ್ಕ ಹಾಕಲೂ ಭಯವಾಯಿತು.

ನರ್ಸ್ ಚೀಲ ತೆಗೆದುಕೊಳ್ಳಲು ಆಚೆ ತಿರುಗಿದ ಹೊತ್ತಿಗೆ ಅಕ್ಕ ಕಿಟಕಿಯ ಹತ್ತಿರ ಹೋಗಿ ಆ ಸುತ್ತನ್ನು ಬಿಚ್ಚಿಬಿಟ್ಟಳು. ಸಾಕ್ಷಿ ಅಳಿಸುವುದೆಂದರೆ ಇದೇ ಅಂತ ಅವಳಿಗೆ ಗೊತ್ತಿತ್ತು. ಬಟ್ಟೆ ಕೈಯಲ್ಲಿ ಬಿಚ್ಚಿಕೊಂಡ ರೀತಿಯಲ್ಲಿ ಏನೋ ಒಂದು ಸರಿಯಿರಲಿಲ್ಲ, ಆದರೆ ಅದೇನು ಅಂತ ಆಗ ಹೊಳೆಯಲಿಲ್ಲ. ನರ್ಸ್ ತಿರುಗುವ ಮೊದಲೇ ಬಟ್ಟೆ ನೇರ ಮಾಡಿ ಈಚೆ ಬಂದಳು.

*

ಪರದೆ ಅಕ್ಕ ಅಂದರೆ ಸಾಮಾನ್ಯದವಳಲ್ಲ. ಸುತ್ತಮುತ್ತ ಯಾರು ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಡಬೇಕೆಂದರೂ ಮೊದಲು ಅವಳ ಅಂಗಡಿಗೆ ಬಂದು, ಪರದೆಯ ಬಟ್ಟೆ ಮುಟ್ಟಿ ನೋಡುವ ನೆಪ ಮಾಡಿ, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಅಕ್ಕ ಬಟ್ಟೆ ಅಳೆಯುತ್ತಲೇ ಬುದ್ಧಿ ಹೇಳುತ್ತಿದ್ದಳು. ನಿನಗೆ ಇಷ್ಟವಾದ ಮನೆ ಕೊಳ್ಳಬೇಡ, ಬಾಡಿಗೆಗೆ ಬರುವವರಿಗೆ ಬೇಕಾದ ಮನೆ ಕೊಳ್ಳು. ವರ್ಷದಲ್ಲಿ ಒಂದೆರಡು ತಿಂಗಳು ಮನೆ ಖಾಲಿ ಬೀಳುತ್ತದೆ ಅಂತಲೇ ಇಟ್ಟುಕೋ. ನೆಂಟರನ್ನು ಬಾಡಿಗೆಗೂ ಇಟ್ಟುಕೊಳ್ಳಬೇಡ, ರಿಪೇರಿಗೂ ಇಟ್ಟುಕೊಳ್ಳಬೇಡ.

ಊರಿಗೆಲ್ಲ ಉಪದೇಶ ಮಾಡಿ ತನ್ನ ಕಟ್ಟಡದಲ್ಲಿ ಅವಳು ಮಾಡಿದ್ದೇನು? ಕೆಳಮನೆಯಲ್ಲಿ ತಮ್ಮ. ರಿಪೇರಿಗೆ ತಮ್ಮ. ಕೀಲಿಗೊಂಚಲು ತಮ್ಮನ ಸೊಂಟದಲ್ಲಿ.

ನಡುವಿನ ಮಹಡಿಯ ಮನೆ, ನಡುಮನೆ, ಖಾಲಿಯಿತ್ತು. ತಮ್ಮ ಅಲ್ಲಿ ಸುಣ್ಣ ಬಣ್ಣ ಮಾಡುತ್ತಾ ಶಿಳ್ಳೆ ಹಾಕುತ್ತಿದ್ದ. ಅಕ್ಕ ಇಳಿದು ಬಂದದ್ದು ನೋಡಿ ಬಲಗೈಯಲ್ಲಿದ್ದ ಬ್ರಷ್ ಡಬ್ಬಿಗೆ ಅದ್ದಿಟ್ಟ. ಹುಬ್ಬಿನ ತುಂಬ ಬಿಳಿ ಬಣ್ಣ.

"ಏನಕ್ಕಾ, ಮುಖ ಯಾಕೆ ಹೀಗೆ ಇಳಿದಿದೆ?"

"ನೀನು ಇವತ್ತು ಮೇಲೆ ಹೋಗಿದ್ಯೇನೋ?"

"ಇಲ್ವಲ್ಲ. ಹೋದ ವಾರ ನಲ್ಲಿ ನೋಡೋಣ ಅಂತ ಹೋದೆ, ಆಯಮ್ಮ ಬಾಗಿಲೇ ತೆಗೀಲಿಲ್ಲ. ಯಾಕೆ?"

"ನನ್ನ ಕಣ್ಣು ನೋಡಿ ಹೇಳು."

ಅವನು ನೋಡಿದ. ಚಿಕ್ಕಂದಿನಲ್ಲಿ ಜ್ವರ ಬಂದಾಗ ನೋಡುತ್ತಿದ್ದ ಹಾಗೇ ನೋಡಿದ. ಈ ಮುಖದವನು ಸುಳ್ಳು ಹೇಳುತ್ತಾನೆಯೇ?

"ಮೇಲಿನ ಮನೆ ಬೀಗ ಎಲ್ಲಿಂದ ತಂದು ಹಾಕಿದ್ದು?" ಅಂದಳು ಏನೋ ನೆನಪಾಗಿ.

"ನೀನೇ ಹೇಳಿದ್ಯಲ್ಲ! ಹೊಸ ಬೀಗಕ್ಕೆ ಯಾಕೆ ದಂಡ, ಖಾಲಿ ಇರೋ ಎರಡೂ ಮನೆ ಬೀಗ ಅದಲು ಬದಲು ಮಾಡು ಅಂತ. ಈ ಮನೇದು ಮೇಲಕ್ಕೆ ಹೋಯ್ತು, ಮೇಲಿನದು ಕೆಳಗೆ ಬಂತು."

ಹೌದು, ಇದು ಅಕ್ಕನದೇ ಉಪಾಯ. ಬಾಡಿಗೆದಾರ ಬಿಟ್ಟು ಹೋದಾಗ ಬೀಗ ಬದಲಾಯಿಸಲೇಬೇಕು, ಆದರೆ ಕೊಳ್ಳಬೇಕಾಗಿಲ್ಲ. ಹಳೆಯವನ ಬೀಗ ಬೇರೆ ಬಾಗಿಲಿಗೆ ಹೋದರೆ ಹಳೆಯವನ ಕೀಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಎಷ್ಟೋ ಜನರಿಗೆ ಇದನ್ನು ಹೆಮ್ಮೆಯಿಂದ ಹೇಳಿಕೊಟ್ಟಿದ್ದಳು. ಹಳೆಯವನು ಒಂದು ಮಹಡಿ ಹೆಚ್ಚಿಗೆ ಹತ್ತಿದರೆ ಏನಾಗುತ್ತದೆ ಅಂತ ಯಾರೂ ಕೇಳಿರಲಿಲ್ಲ, ಅವಳೂ ಯೋಚಿಸಿರಲಿಲ್ಲ.

ನಡುಮನೆಯಲ್ಲಿ ಮೊದಲು ಬಾಡಿಗೆಗಿದ್ದವರು ರೇಡಿಯೋ ಮಾಮ.

"ಅಂಗಡಿಗೆ ಹೋಗಿ ಒಂದು ಒಳ್ಳೆ ಬೀಗ ತಗೊಂಡು ಬಾ," ಅಂದಳು ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ. ಅವಳ ದನಿಗೆ ಜೀವ ಬಂದಿತ್ತು. "ಆದ್ರೆ ನಾನು ಬರೋ ತನಕ ಮೇಲೆ ಕಾಲಿಡಬೇಡ. ನನ್ನಾಣೆ."

"ಆಯ್ತು ಮಾರಾಯ್ತಿ," ಅಂದು ತಮ್ಮ ಮತ್ತೆ ಶಿಳ್ಳೆ ಶುರುಮಾಡಿದ.

*

ರೇಡಿಯೋ ಮಾಮನ ಈಗಿನ ಮನೆ ದೊಡ್ಡ ರಸ್ತೆಯ ಮೇಲಿತ್ತು. ಲಾರಿ ಹೋದಾಗಲೆಲ್ಲ ಕಪಾಟಿನ ಗಾಜು ಕಿಣಿಕಿಣಿ ಅನ್ನುತ್ತಿತ್ತು. ಅವರು ನಿದ್ದೆ ಬಾರದವರಿಗಾಗಿ ರಾತ್ರಿ ರೇಡಿಯೋದಲ್ಲಿ ಮಾತಾಡುವವರು. ಊರನ್ನೆಲ್ಲ ಮಲಗಿಸುವ ಆ ದನಿಯ ಮನುಷ್ಯನ ಕಣ್ಣು ಕೆಂಡವಾಗಿತ್ತು.

"ಬನ್ನಿ ಅಕ್ಕಾ ಬನ್ನಿ! ನಿಮ್ಮನ್ನೇ ನೆನೆಸ್ತಾ ಇದ್ದೆ. ಚಿಕ್ಕಮ್ಮ ಹೋದ್ಮೇಲೆ ಅವರ ಪುಟ್ಟ ಮನೆ ನನ್ನ ಪಾಲಿಗೆ ಬಂದಿದೆ. ಬಾಡಿಗೆಗೆ ಬಿಡೋಣ ಅಂತ. ಒಂದೆರಡು ಮಾತು ಹೇಳಿ."

"ಹೇಳ್ತೀನಿ. ಮೊದಲು ನೀವು ಹೇಳಿ. ಮನೆ ಬಿಡೋವಾಗ ಎರಡು ಕೀಲಿ ಕೊಟ್ರಿ. ಮೂರನೇದು ಎಲ್ಲಿ?"

ಲಾರಿ ಹೋಯಿತು. ಗಾಜು ಕಿಣಿಗುಟ್ಟಿ ಸುಮ್ಮನಾಯಿತು. ಮಾಮ ಕುರ್ಚಿಯಲ್ಲಿ ಸ್ವಲ್ಪ ಚಿಕ್ಕವರಾದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

ಮಾಮ ನಿಟ್ಟುಸಿರು ಬಿಟ್ಟು, ಎದ್ದು, ಗಡಿಯಾರದ ಹಿಂದಿನಿಂದ ಒಂದು ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ಮೆತ್ತಗೆ ಇಟ್ಟರೆಂದರೆ ಸದ್ದೇ ಆಗಲಿಲ್ಲ.

"ಬೈಬೇಡಿ ಅಕ್ಕಾ. ಈ ಮನೇಲಿ ನನಗೆ ಹಗಲು ನಿದ್ದೆ ಬರಲ್ಲ. ನಿಮ್ಮ ಕಟ್ಟಡದಲ್ಲಿ ಮಧ್ಯಾಹ್ನ ಅಂದ್ರೆ ಏನು ಮಧ್ಯಾಹ್ನ! ಪರದೆ ಎಳೆದ್ರೆ ಕೋಣೆ ತುಂಬಾ ಆ ಹಳದಿ ಬೆಳಕು, ಹಿಂದಿನ ಮರದ್ದು ಸಣ್ಣ ಸದ್ದು. ನೀರೊಳಗೆ ಮಲಗಿದ ಹಾಗೆ. ಒಂದಿನ ತಡೆಯೋಕಾಗಲಿಲ್ಲ. ಮನೆ ಇನ್ನೂ ಖಾಲಿ ಇದ್ಯಂತೆ, ಒಂದು ಗಳಿಗೆ ಮಲಗಿ ಬರೋಣ ಅಂತ ಹೊರಟೆ."

"ಹೇಳಿ, ಕೇಳಿಸ್ಕೊಳ್ತಿದೀನಿ."

"ಕೀಲಿ ತಿರುಗಲಿಲ್ಲ. ನಿದ್ದೆಗಣ್ಣು ಬೇರೆ. ಮಹಡಿ ತಪ್ಪಿರಬೇಕು ಅಂತ ಇನ್ನೊಂದು ಹತ್ತಿದೆ. ಅಲ್ಲಿ ತಿರುಗಿತು! ಒಳಗೆ ಹೋದ್ರೆ ಅದೇ ಪರದೆ, ಅದೇ ಬೆಳಕು, ಮಂಚ ಮಾತ್ರ ಬೇರೆ ಕಡೆ. ನನ್ನ ಮನೆ ನನ್ನ ಬಿಟ್ಟು ಒಂದು ಮಹಡಿ ಮೇಲೆ ಹೋಗಿದೆ ಅಂದ್ಕೊಂಡೆ. ಆಮೇಲೆ ಆಗಾಗ ಹೋಗ್ತಿದ್ದೆ, ಮಲಗ್ತಿದ್ದೆ, ಬರ್ತಿದ್ದೆ. ಆದ್ರೆ ಅದೆಲ್ಲ ಆ ನರ್ಸ್ ಬರೋಕೆ ಮುಂಚೆ. ಆಮೇಲೆ ಒಂದೇ ಒಂದು ಸಲ ಹೋದೆ, ಬೆಪ್ಪನ ಹಾಗೆ. ಕೀಲಿ ತಿರುಗಲೇ ಇಲ್ಲ. ಬಾಲ ಮುದುರ್ಕೊಂಡು ಬಂದೆ."

"ಸುಳ್ಳು."

"ಸತ್ಯವಾಗ್ಲೂ."

"ಇವತ್ತು ಮಧ್ಯಾಹ್ನ ಆ ದಿಂಬು ಬೆಚ್ಚಗಿತ್ತು ಮಾಮ. ನಾನೇ ಮುಟ್ಟಿ ನೋಡಿದೀನಿ. ಆ ಬೀಗ ನಿಮ್ಮದೇ, ಬದಲಾಯಿಸಿಲ್ಲ. ನೀವು ಒಪ್ಕೊಂಡ್ರೆ ನನ್ನ ತಮ್ಮ ಉಳ್ಕೋತಾನೆ. ಅವನ ಮಗು ಮುಖ ನೋಡಿ ಆದ್ರೂ ಹೇಳಿ!" ಗದರಿಸಬೇಕೆಂದು ಬಂದವಳು ಬೇಡುತ್ತಿದ್ದಳು. ಅದು ಅವಳಿಗೇ ನಾಚಿಕೆಯಾಗಿ, ಎದ್ದು ಕಿಟಕಿಯ ಹತ್ತಿರ ಹೋದಳು.

ಅಲ್ಲಿ ಅವಳೇ ಹೊಲಿದುಕೊಟ್ಟ ಪರದೆ. ನಡುವಿಗೆ ಹಳೆ ಟೈ ಒಂದನ್ನು ಬಿಗಿದಿದ್ದರು.

"ಇದೇನು ಅವತಾರ?"

"ನಿಮ್ಮ ಆ ಸುತ್ತು ಈ ಜನ್ಮದಲ್ಲಿ ನನಗೆ ಬರಲ್ಲ ಅಕ್ಕಾ. ಎಷ್ಟು ಸಲ ತೋರಿಸಿದ್ರಿ!"

ಅಕ್ಕ ಟೈ ಬಿಚ್ಚಿ ಬಿಸಾಡಿದಳು. ಪರದೆಯ ಅಂಚು ಹಿಡಿದು ಸುತ್ತಿದಳು, ಸಿಕ್ಕಿಸಿದಳು. ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ಬಟ್ಟೆಯ ಮಡಿಕೆಗಳು ಬಲಕ್ಕೆ ಹೊರಳಿ ನಿಂತವು.

ಬಲಕ್ಕೆ.

ಮೇಲಿನ ಮನೆಯಲ್ಲಿ ಅವಳು ಬಿಚ್ಚಿದ ಸುತ್ತು ಎಡಕ್ಕೆ ಹೊರಳಿತ್ತು. ಅದಕ್ಕೇ ಅದು ಕೈಯಲ್ಲಿ ವಿಚಿತ್ರವಾಗಿ ಬಿಚ್ಚಿಕೊಂಡದ್ದು. ತಮ್ಮನೂ ಅವಳ ಹಾಗೆ ಬಲಗೈಯವನು. ಹಾಗಾದರೆ ಅದನ್ನು ಕಟ್ಟಿದ್ದು ತಮ್ಮನಲ್ಲ! ಅಯ್ಯೋ ದೇವರೇ, ಅವನಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು. ಅವನಲ್ಲದಿದ್ದರೆ ಇನ್ನಾರು ಎಂಬ ಪ್ರಶ್ನೆ ಹಿಂದೆಯೇ ಬಂತು, ಆದರೆ ಅದರ ಉತ್ತರದ ಹತ್ತಿರ ಹೋಗಲು ಮನಸ್ಸು ಹೆದರಿ ಅಲ್ಲೇ ನಿಂತಿತು.

"ಕೂತ್ಕೊಳ್ಳಿ ಅಕ್ಕಾ, ನೀರು ಕುಡೀರಿ," ಅಂದರು ಮಾಮ. ಬೇರೇನು ಮಾತಾಡಬೇಕೋ ತಿಳಿಯದೆ, "ಆ ಚಿಕ್ಕಮ್ಮನ ಮನೆಗೆ ಒಬ್ಬಳು ಕೇಳ್ಕೊಂಡು ಬಂದಿದ್ದಾಳೆ. ಈಗಿರೋ ಮನೆ ಓನರು ಅವಳನ್ನ ಬಾಯ್ತುಂಬಾ ಹೊಗಳಿದ್ರು. ಕೊಟ್ಟುಬಿಡ್ಲಾ?" ಅಂದರು.

ಅಕ್ಕ ಲೋಟ ಹಿಡಿದುಕೊಂಡೇ, ಅಭ್ಯಾಸಬಲದಿಂದ, ಕನಸಿನಲ್ಲಿ ಮಾತಾಡುವವಳ ಹಾಗೆ ಹೇಳಿದಳು.

"ಈಗಿನ ಓನರನ್ನ ಕೇಳಬೇಡಿ. ಕಳಿಸಿದ್ರೆ ಸಾಕು ಅಂತಿರೋನು ಹೊಗಳ್ದೆ ಇರ್ತಾನಾ? ಅದಕ್ಕೂ ಹಿಂದಿನ ಮನೆ ಓನರನ್ನ ಹುಡುಕಿ ಕೇಳಿ. ಅವಳು ಈಗಿರೋ ಮನೆಗೆ ಒಂದು ಸಲ ಹೋಗಿ ಬನ್ನಿ, ಹೇಗಿಟ್ಕೊಂಡಿದಾಳೆ ನೋಡಿ."

ಹೇಳುತ್ತಲೇ ಅವಳಿಗೆ ಕಸಿವಿಸಿಯಾಯಿತು. ನರ್ಸ್ ವಿಷಯದಲ್ಲಿ ತಾನು ಯಾರನ್ನು ಕೇಳಿದೆ? ಯಾರನ್ನೂ ಇಲ್ಲ. ಮೇಲಿನ ಮನೆಯೇ ಬೇಕು, ಗೇಟಿನ ಕಡೆ ಕಿಟಕಿ ಇರಬೇಕು ಅಂತ ಹಟ ಹಿಡಿದು ಬಂದಳು. ಆಸ್ಪತ್ರೆಯ ಬಿಳಿ ಬಟ್ಟೆ ನೋಡಿ ಅಕ್ಕ ಕಣ್ಣು ಮುಚ್ಚಿ ಕೀಲಿ ಕೊಟ್ಟಿದ್ದಳು.

"ಮತ್ತೆ ಬೀಗ?" ಅಂದರು ಮಾಮ, ಸ್ವಲ್ಪ ನಾಚಿಕೊಂಡು.

"ಹೊಸದೇ ಹಾಕಿ. ಜುಗ್ಗತನ ಮಾಡಬೇಡಿ, ನನ್ನ ಹಾಗೆ. ಒಂಟಿ ಹೆಣ್ಣುಮಗಳು ಮನೆಗೆ ಬಂದ್ರೆ ಮೊದಲು ಕೇಳೋದೇ ಹೊಸ ಬೀಗ. ಹೆದರಿಕೊಂಡವಳಂತೂ ನಿಮ್ಮ ತಲೆ ತಿಂತಾಳೆ, ಬೀಗ ಬದಲಾಯಿಸಿ ಬೀಗ ಬದಲಾಯಿಸಿ ಅಂತ..."

ಮಾತು ಅಲ್ಲಿಗೇ ನಿಂತಿತು.

ನರ್ಸ್ ಕೇಳಿರಲಿಲ್ಲ. ಪುಕ್ಕಟೆ ಕೊಡುತ್ತೇನೆಂದರೂ ಬೇಡ ಅಂದಿದ್ದಳು. ಅಪರಿಚಿತರು ಬಂದು ಹಾಸಿಗೆಯಲ್ಲಿ ಮಲಗಿ ಹೋಗುತ್ತಾರೆಂದು ಹೆದರಿದವಳಿಗೆ ಬೀಗ ಬೇಡವಂತೆ. ಬೇಕಾದದ್ದು ಒಂದೇ, ತಮ್ಮ ಮೇಲೆ ಬರಕೂಡದು. ಮಾಮನ ಕೀಲಿ ತಿರುಗಲಿಲ್ಲವೆಂದರೆ ಬೀಗ ಆಗಲೇ ಬದಲಾಗಿದೆ. ಬದಲಾಯಿಸಿದವಳು ಅವಳೇ. ಆ ದೂರು ಒಂದು ಬೇಲಿ ಮಾತ್ರ. ಬೇಲಿಯ ಒಳಗೆ ಯಾರನ್ನೋ ಇಟ್ಟಿದ್ದಾಳೆ. ದಿಂಬಿನ ಗುಳಿ ಆ ಯಾರದೋ, ತಾನು ಹೋದಾಗ ಬಚ್ಚಲಲ್ಲಿ ಅವಿತಿರಬೇಕು.

ಅಕ್ಕ ಕೀಲಿ ಎತ್ತಿಕೊಂಡು ಎದ್ದಳು. ಅವಸರದಲ್ಲಿ ಕಾಲಿಗೆ ಚಪ್ಪಲಿ ಸಿಗುತ್ತಿರಲಿಲ್ಲ.

"ಅಕ್ಕಾ, ನನ್ನ ಮೇಲೆ ದೂರು ಕೊಡ್ತೀರಾ?"

"ಇಲ್ಲ ಮಾಮ. ನೀವು ಮಲಗಿ, ಪಾಪ. ನಡುಮನೆ ಖಾಲಿ ಇದೆ, ಬಣ್ಣ ಒಣಗಿದ್ಮೇಲೆ ಬಂದು ಮಲಗಿ. ಹೇಳಿ ಬನ್ನಿ, ಅಷ್ಟೇ."

*

ಕಟ್ಟಡ ಆ ಹೊತ್ತಿಗೆ ತೂಕಡಿಸುತ್ತಿತ್ತು. ನಡುಮನೆಯ ಬಾಗಿಲು ತೆರೆದಿತ್ತು, ತಮ್ಮ ಇರಲಿಲ್ಲ, ಬ್ರಷ್ ಡಬ್ಬಿಯ ಮೇಲೆ ಅಡ್ಡ ಮಲಗಿತ್ತು. ಬೀಗ ತರಲು ಹೋಗಿರಬೇಕು. ನರ್ಸ್ ಮತ್ತೆ ಆಸ್ಪತ್ರೆಗೆ ಹೋಗಿದ್ದಳು. ಮೆಟ್ಟಿಲ ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು.

ಹೇಳದೆ ಕೇಳದೆ ಬಾಡಿಗೆದಾರರ ಬಾಗಿಲಿಗೆ ಕೈ ಹಾಕಬಾರದು. ಅದು ಅಕ್ಕ ಎಲ್ಲರಿಗೂ ಹೇಳುವ ಮಾತು. ಅವಳು ಬಾಗಿಲಿಗೆ ಕೈ ಹಾಕಿದಳು.

ಬೀಗದ ಸುತ್ತ ಮರದ ಮೇಲೆ ಹಸಿ ಗೀರುಗಳಿದ್ದವು. ತಿರುಪುಗಳು ಹೊಳೆಯುತ್ತಿದ್ದವು. ಮಧ್ಯಾಹ್ನ ನರ್ಸ್ ಬಾಗಿಲನ್ನು ಪೂರ್ತಿ ತೆರೆದಿಟ್ಟು ನಿಂತಿದ್ದಳು, ಇದನ್ನು ಯಾರು ನೋಡುತ್ತಾರೆ? ಮಾಮನ ಕೀಲಿ ಒಳಗೆ ಹೋಯಿತು, ತಿರುಗಲಿಲ್ಲ. ಮಾಮ ನಿಜ ಹೇಳಿದ್ದರು.

ಅಕ್ಕ ಇನ್ನೊಮ್ಮೆ ತಿರುಗಿಸಿ ನೋಡಿದಳು.

ಒಳಗಿನಿಂದ ಚಿಲಕ ಸರಿಯಿತು.

ಬಾಗಿಲು ಗೇಣಗಲ ತೆರೆಯಿತು. "ಇಷ್ಟು ಬೇಗ ಬಂದ್ಯಾ?" ಅಂದಿತು ಒಂದು ನಿದ್ದೆಯ ದನಿ. ಆಮೇಲೆ ಆ ದನಿ ಸತ್ತೇಹೋಯಿತು.

ಬಾಗಿಲ ಅಂಚನ್ನು ಹಿಡಿದದ್ದು ಎಡಗೈ. ಬೆರಳ ಗೆಣ್ಣಿನ ಮೇಲೆ ಕತ್ತರಿ ಹಿಡಿದು ಹಿಡಿದು ಬಿದ್ದ ಹಳೆಯ ಜಡ್ಡು. ಕೆನ್ನೆಯ ಮೇಲೆ ದಿಂಬಿನ ಗೆರೆಗಳು. ಕೂದಲು ಮೊದಲಿನಷ್ಟಿರಲಿಲ್ಲ, ಮೈ ಅರ್ಧಕ್ಕರ್ಧ ಇಳಿದಿತ್ತು. ಆದರೂ ತಮ್ಮನ ಹೆಂಡತಿಯನ್ನು ಗುರುತು ಹಿಡಿಯದೆ ಇರಲು ಅಕ್ಕನೇನು ಕುರುಡಿಯೇ?

"ಬದುಕಿದೀಯಾ?" ಅಂದಳು ಅಕ್ಕ. "ಅಯ್ಯೋ ನನ್ನವ್ವಾ, ಬದುಕಿದೀಯಲ್ಲೇ!"

ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಗೇಟಿನ ಕಡೆ ಕಿಟಕಿಯತ್ತ ಒಂದು ಸಲ ನೋಡಿ, "ಮಗು ಸ್ಕೂಲಿಂದ ಬಂತಾ ಅಕ್ಕಾ?" ಅಂದಳು. "ದಿನಾ ಇಲ್ಲಿಂದಾನೇ ನೋಡ್ತೀನಿ. ಇವತ್ತು ಕಣ್ಣು ಹತ್ತಿಬಿಟ್ಟಿತು."

ಅಕ್ಕನ ಎದೆಯಲ್ಲಿ ಸಂತೋಷ ಉಕ್ಕಿತು. ತಮ್ಮ ಗೆದ್ದ! ಬೀದಿಯ ಬಾಯಿಗೆ ಬೀಗ ಬಿತ್ತು! ಈ ಕ್ಷಣ ಅವನನ್ನು ಕೂಗಿ ಕರೆಯಬೇಕು, ನೋಡೋ, ನಿನ್ನ ಹೆಂಡತಿ ಬದುಕಿದಾಳೆ ಅನ್ನಬೇಕು. ಅವಳು ತಿರುಗಿದಳು.

ಕೆಳಗೆ ಶಿಳ್ಳೆ ಕೇಳಿಸಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

ಆ ಶಿಳ್ಳೆ ಕೇಳಿ ಬಾಗಿಲಲ್ಲಿದ್ದವಳ ಮುಖದಲ್ಲಿ ಆದದ್ದನ್ನು ಅಕ್ಕ ಜೀವಮಾನದಲ್ಲಿ ಮರೆಯಲಾರಳು. ರಕ್ತ ಇಳಿದುಹೋಯಿತು. ಎಡಗೈ ಅಕ್ಕನ ಸೆರಗನ್ನು ಹಿಡಿಯಿತು.

"ಬಾಗಿಲು ಹಾಕಿ ಅಕ್ಕಾ. ದಮ್ಮಯ್ಯ, ನಿಮ್ಮ ಕಾಲಿಗೆ ಬೀಳ್ತೀನಿ. ಅವರಿಗೆ ಗೊತ್ತಾಗಬಾರದು."

"ನಿನ್ನ ಗಂಡ ಕಣೇ ಅವನು! ನಿನ್ನ ಹುಡುಕಿ ಹುಡುಕಿ..."

"ಹುಡುಕ್ತಿರೋದು ನಿಜ," ಅಂದಳು ಅವಳು.

ಹೆಜ್ಜೆ ನಡುಮನೆ ದಾಟಿ ಮೇಲೆ ಬಂತು. ಆಣೆ ಇಟ್ಟು ಹೇಳಿದ್ದರೂ ಬರುತ್ತಿದ್ದಾನೆ. ಕಂಬಿಯ ಸಂದಿನಲ್ಲಿ ಬಿಳಿ ಬಣ್ಣ ಮೆತ್ತಿದ ಹುಬ್ಬು ಕಾಣುವುದಕ್ಕೆ ಇನ್ನು ಒಂದೇ ತಿರುವು.

ಅಕ್ಕ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನಿಗಾಗಿ ಇವತ್ತು ಸಾಕ್ಷಿ ಅಳಿಸಿದವಳು, ಪರರ ಮುಂದೆ ಬೇಡಿದವಳು. ಹುಟ್ಟಿದಾಗಿನಿಂದ ಅವನ ಮುಖಕ್ಕೆ ಒಂದು ಬಾಗಿಲನ್ನೂ ಹಾಕಿದವಳಲ್ಲ. ಸೆರಗು ಹಿಡಿದ ಬೆರಳುಗಳು ಬಿಡಲಿಲ್ಲ. ಅವಳು ಆ ಕೈ ನೋಡಿದಳು, ಮೆಟ್ಟಿಲು ನೋಡಿದಳು, ಒಳಗೆ ಕಾಲಿಟ್ಟು ತಾನೇ ಚಿಲಕ ಹಾಕಿದಳು.

ಹೊರಗೆ ಶಿಳ್ಳೆ ನಿಂತಿತು.

"ಅಕ್ಕಾ? ಬೀಗ ತಂದಿದೀನಿ."

ಕೋಣೆಯ ಹಳದಿ ಬೆಳಕು ನಿಧಾನವಾಗಿ ಗೋಡೆ ಹತ್ತುತ್ತಿತ್ತು. ಬಾಗಿಲಿಗೆ ಅವನು ಹಣೆ ಒರಗಿಸಿದ ಸಣ್ಣ ಸದ್ದಾಯಿತು. ಆಮೇಲೆ ತಮ್ಮನ ದನಿ ಬಂತು, ಮಲಗಿದ ಮಗು ಎಚ್ಚರವಾದೀತೆಂದು ಮಾತಾಡುವವರ ಹಾಗೆ, ತೀರಾ ಮೆಲ್ಲಗೆ.

"ಎದ್ದಳಾ ಅವಳು?"